ಉಪಗ್ರಹಕ್ಕೆ ವಿಮಾನ ಎಲ್ಲಿದೆ ಎಂದು ಗೊತ್ತಿಲ್ಲ

ಕಳೆದ ತಿಂಗಳು ನೆಂಟರ ಮನೆಯ ನಾಮಕರಣದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಅಕ್ಕನ ಮಗ ಬಂದು ಪಕ್ಕದಲ್ಲಿ ಕುಳಿತು ಮೊಬೈಲ್ ಎತ್ತಿ ತೋರಿಸಿದ. "ಮಾವ, ಇದು ಹದಿನೈದು ಸಾವಿರದ ಫೋನು. ಬಸ್ಸಿನಲ್ಲಿ ಬಿಟ್ಟು ಬಂದರೂ ಎಲ್ಲಿದೆ ಎಂದು ಮನೆಯಲ್ಲೇ ಕೂತು ನೋಡಬಹುದು. ಅಮೆರಿಕದವರು ಸಾವಿರ ಕೋಟಿಯ ಯುದ್ಧವಿಮಾನ ಕಳೆದುಕೊಂಡು ಊರವರನ್ನು ಕೇಳಿದರಲ್ಲ, ಏನೋ ಮುಚ್ಚಿಟ್ಟಿದ್ದಾರೆ ಅಲ್ಲವೇ?"

2023ರ ಸೆಪ್ಟೆಂಬರ್‌ನಿಂದ ಈ ಪ್ರಶ್ನೆಯನ್ನು ಬೆಳಗಿನ ನಡಿಗೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಳೆಯ ಸಹಪಾಠಿಗಳ ಕೂಟದಲ್ಲಿ ಕೇಳಿದ್ದೇನೆ. ಮೂವತ್ತು ವರ್ಷ ವಾಯು ಸಂಚಾರ ರಾಡಾರ್‌ಗಳ ನಿರ್ವಹಣೆಯಲ್ಲಿ ಕಳೆದವನಿಗೆ ಪ್ರಶ್ನೆಯಿಂದ ಬೇಸರವಿಲ್ಲ. ಉತ್ತರ ಹೇಳಿದ ಮೇಲೂ "ಆದರೆ ಜಿಪಿಎಸ್ ಇರುತ್ತದಲ್ಲ?" ಎಂದು ಮತ್ತೆ ಶುರುವಿಗೇ ಬಂದು ನಿಲ್ಲುತ್ತಾರೆ. ತಾಳ್ಮೆ ಕೆಡುವುದು ಅಲ್ಲಿ.

ನಡೆದದ್ದು ಇಷ್ಟು. 2023ರ ಸೆಪ್ಟೆಂಬರ್ 17, ಭಾನುವಾರ ಮಧ್ಯಾಹ್ನ. ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್‌ನಲ್ಲಿ ಜೋರು ಮಳೆ, ದಟ್ಟ ಮೋಡ. ಅಮೆರಿಕದ ಮರೀನ್ ದಳದ ಒಂದು ಎಫ್-35ಬಿ ವಿಮಾನ ನೆಲಕ್ಕಿಳಿಯಲು ಬರುತ್ತಿದ್ದಾಗ ಅದರ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡಿತು. ಪೈಲಟ್‌ನ ಹೆಲ್ಮೆಟ್ ಪರದೆ ಆರಿತು. ರೇಡಿಯೊ ಮತ್ತು ನೆಲದ ರಾಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಕೈಕೊಟ್ಟವು. ನೆಲದಿಂದ ಸುಮಾರು 2,000 ಅಡಿ ಎತ್ತರದಲ್ಲಿ ಅವರು ಇಜೆಕ್ಷನ್ ಸೀಟಿನ, ಅಂದರೆ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಎಸೆಯುವ ಕುರ್ಚಿಯ, ಹಿಡಿ ಎಳೆದರು. ಪ್ಯಾರಾಚೂಟಿನಲ್ಲಿ ಒಂದು ಮನೆಯ ಹಿತ್ತಲಿಗೆ ಬಂದು ಇಳಿದರು. ವಿಮಾನ ಬೀಳಲಿಲ್ಲ. ಅದರ ಸ್ವಯಂಚಾಲಿತ ನಿಯಂತ್ರಣ ವ್ಯವಸ್ಥೆ ರೆಕ್ಕೆಗಳನ್ನು ಸಮವಾಗಿ ಹಿಡಿದುಕೊಂಡೇ ಇತ್ತು. ಒಳಗೆ ಯಾರೂ ಇಲ್ಲದೆ 11 ನಿಮಿಷ 21 ಸೆಕೆಂಡು ಹಾರಿ, 64 ನಾಟಿಕಲ್ ಮೈಲು ದೂರದ ವಿಲಿಯಮ್ಸ್‌ಬರ್ಗ್ ಕೌಂಟಿಯ ಕಾಡಿಗೆ ಬಿತ್ತು. ಅಂದರೆ ಸುಮಾರು 118 ಕಿಲೋಮೀಟರ್. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬರುತ್ತದೆ. ಅವಶೇಷ ಸಿಕ್ಕಿದ್ದು ಮರುದಿನ.

ಈ ನಡುವೆ ವಾಯುನೆಲೆಯವರು, ವಿಮಾನದ ಬಗ್ಗೆ ಸುಳಿವು ಇದ್ದರೆ ತಿಳಿಸಿ ಎಂದು ಸಾರ್ವಜನಿಕರನ್ನು ಕೇಳಿಕೊಂಡರು. ಅಲ್ಲಿಂದ ಗೇಲಿಯ ಮಳೆ. ಕಳೆದುಹೋದ ನಾಯಿಯ ಭಿತ್ತಿಪತ್ರದಂತೆ ಕಂಬಕ್ಕೆ ವಿಮಾನದ ಚಿತ್ರ ಅಂಟಿಸಿದ ತಮಾಷೆಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳವರೆಗೂ ಬಂದವು. ಎಫ್-35 ವಿಮಾನವನ್ನು ಕಳೆದುಕೊಳ್ಳುವುದಾದರೂ ಹೇಗೆ ಎಂದು ಆ ರಾಜ್ಯದ ಸಂಸದೆ ನ್ಯಾನ್ಸಿ ಮೇಸ್ ಕೂಡ ಸಿಟ್ಟಿನಿಂದ ಬರೆದರು.

ಹೇಗೆ ಎಂಬುದನ್ನು ಹೇಳುತ್ತೇನೆ. ದಯವಿಟ್ಟು ಈ ಒಂದು ಭಾಗವನ್ನು ನಿಧಾನವಾಗಿ ಓದಿ.

ಜಿಪಿಎಸ್ ಉಪಗ್ರಹಕ್ಕೆ ನಿಮ್ಮ ಫೋನು ಎಲ್ಲಿದೆ ಎಂದು ಗೊತ್ತಿಲ್ಲ. ವಿಮಾನ ಎಲ್ಲಿದೆ ಎಂದೂ ಗೊತ್ತಿಲ್ಲ. ಅದು ಮೇಲಿನಿಂದ ಸಮಯವನ್ನೂ ತನ್ನ ಸ್ಥಾನವನ್ನೂ ಸಾರುತ್ತಲೇ ಇರುತ್ತದೆ, ಅಷ್ಟೇ. ಬೆಂಗಳೂರು ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ನೀವು ಅಡುಗೆಮನೆಯಲ್ಲಿ ಕೇಳುತ್ತಿದ್ದೀರೋ ಹೊಲದ ಬದುವಿನಲ್ಲಿ ಕೇಳುತ್ತಿದ್ದೀರೋ ಬಾನುಲಿ ಕೇಂದ್ರಕ್ಕೆ ತಿಳಿಯುವುದಿಲ್ಲ, ಇದೂ ಹಾಗೆಯೇ. ಹಲವು ಉಪಗ್ರಹಗಳ ಮಾತು ಕೇಳಿಸಿಕೊಂಡು "ನಾನು ಇಲ್ಲಿದ್ದೇನೆ" ಎಂದು ಲೆಕ್ಕ ಹಾಕಿಕೊಳ್ಳುವುದು ನಿಮ್ಮ ಫೋನು. ಆ ಲೆಕ್ಕವನ್ನು ಟವರ್ ಮೂಲಕ ಬೇರೆಯವರಿಗೆ ಹೇಳುವುದೂ ಫೋನೇ. ಅದು ಬಾಯಿ ಮುಚ್ಚಿದರೆ ಆಕಾಶದಲ್ಲಿ ಎಷ್ಟು ಉಪಗ್ರಹಗಳಿದ್ದರೂ ಪ್ರಯೋಜನವಿಲ್ಲ.

ನಾಮಕರಣದ ಮನೆಯಲ್ಲಿ ಇದನ್ನೇ ಮಾಡಿ ತೋರಿಸಿದೆ. ಅಕ್ಕನ ಮಗನ ಫೋನನ್ನು ಅವನ ಕೈಯಿಂದಲೇ ಆರಿಸಿ, ಒಬ್ಬ ಹುಡುಗನಿಗೆ ಕೊಟ್ಟು, ಬೀದಿಯ ಕೊನೆಯ ಮನೆಯಲ್ಲಿ ಇಟ್ಟು ಬಾ ಎಂದೆ. "ಈಗ ನಿನ್ನ ಹೆಂಡತಿಯ ಫೋನಿನಲ್ಲಿ ಹುಡುಕು." ನಕ್ಷೆ ತೆರೆಯಿತು. ಚುಕ್ಕೆ ನಾವು ಕೂತಿದ್ದ ಜಮಖಾನದ ಮೇಲೆಯೇ ಇತ್ತು. ಕೆಳಗೆ "ಕೊನೆಯ ಬಾರಿ ಕಂಡದ್ದು 4 ನಿಮಿಷಗಳ ಹಿಂದೆ" ಎಂಬ ಸಾಲು. ಅವನು ಆ ಸಾಲನ್ನು ಎರಡು ಸಲ ಓದಿದ. ಕೆಲವು ದುಬಾರಿ ಫೋನುಗಳು ಆರಿಸಿದ ಮೇಲೂ ಸುತ್ತಲಿನ ಫೋನುಗಳಿಗೆ ಸಣ್ಣ ಸಂಜ್ಞೆ ಕಳಿಸುತ್ತವೆ ಎಂಬುದನ್ನೂ ಹೇಳಿಬಿಡಬೇಕು. ಅಲ್ಲಿಯೂ ಮಾತನಾಡುತ್ತಿರುವುದು ಫೋನೇ.

ಚಾರ್ಲ್ಸ್ಟನ್‌ನವರ ಬಳಿ ಇದ್ದದ್ದೂ ಅಂಥದ್ದೇ ಒಂದು ಸಾಲು. ಕೊನೆಯ ಬಾರಿ ಕಂಡ ಜಾಗವನ್ನು ಹಿಡಿದು ಮೌಲ್ಟ್ರಿ ಮತ್ತು ಮೇರಿಯನ್ ಸರೋವರಗಳ ಸುತ್ತ ಹುಡುಕಿದರು.

"ಸರಿ, ಜಿಪಿಎಸ್ ಬಿಡಿ, ರಾಡಾರ್ ಇರುತ್ತದಲ್ಲ?" ಇರುತ್ತದೆ. ಆದರೆ ನಿಯಂತ್ರಕರ ಪರದೆಯ ಮೇಲೆ ವಿಮಾನದ ಗುರುತು, ಎತ್ತರ, ವೇಗ ಅಚ್ಚುಕಟ್ಟಾಗಿ ಕಾಣುವುದಕ್ಕೆ ಕಾರಣ ವಿಮಾನದೊಳಗಿನ ಟ್ರಾನ್ಸ್‌ಪಾಂಡರ್. ನೆಲದ ಆಂಟೆನಾ "ಯಾರು?" ಎಂದು ಕೇಳುತ್ತದೆ, ಅದು ತನ್ನ ನಾಲ್ಕು ಅಂಕಿಯ ಸಂಕೇತವನ್ನೂ ಎತ್ತರವನ್ನೂ ಹೇಳುತ್ತದೆ. ಇದು ಸಂಭಾಷಣೆ. ಒಂದು ಕಡೆಯವರು ಸುಮ್ಮನಾದರೆ ಉಳಿಯುವುದು ಹಳೆಯ ಕಾಲದ ವಿಧಾನ, ಅಂದರೆ ಲೋಹಕ್ಕೆ ತಾಗಿ ಹಿಂದಿರುಗುವ ಪ್ರತಿಧ್ವನಿ. ಅದರಲ್ಲಿ ಹೆಸರಿಲ್ಲ, ಎತ್ತರವಿಲ್ಲ. ದೂರ ಎರಡರಷ್ಟಾದರೆ ಅದರ ಬಲ ಹದಿನಾರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಮಳೆಹನಿಗಳಿಂದಲೂ ಪ್ರತಿಧ್ವನಿ ಬರುತ್ತದೆ. ಅಂದು ಮಳೆ ಸುರಿಯುತ್ತಿತ್ತು, ಮೇಲಾಗಿ ಆ ವಿಮಾನವನ್ನು ಕಟ್ಟಿದ್ದೇ ಪ್ರತಿಧ್ವನಿ ಕಡಿಮೆಯಾಗಲಿ ಎಂದು.

ಇನ್ನು ಭೂಮಿಯ ಬಾಗು. ರಾಡಾರ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಭೂಮಿ ಅದರ ಕೆಳಗೆ ಬಾಗುತ್ತಾ ಸರಿಯುತ್ತದೆ. ಆಂಟೆನಾ 20 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ನಾವು ಬಳಸುವ ಸಾಮಾನ್ಯ ಸೂತ್ರದ ಪ್ರಕಾರ 118 ಕಿಲೋಮೀಟರ್ ದೂರದಲ್ಲಿ ಸುಮಾರು 590 ಮೀಟರ್‌ಗಿಂತ ಕೆಳಗೆ ಹಾರುವ ಯಾವುದೂ ಅದಕ್ಕೆ ಕಾಣುವುದಿಲ್ಲ. ಇದು ನನ್ನ ಅಂದಾಜಿನ ಲೆಕ್ಕ. ಅಲ್ಲಿನ ಆಂಟೆನಾದ ಎತ್ತರ ಬೇರೆ ಇರಬಹುದು, ಹತ್ತಿರದಲ್ಲಿ ಇನ್ನೊಂದು ರಾಡಾರ್ ಇದ್ದರೆ ಚಿತ್ರವೂ ಬದಲಾಗುತ್ತದೆ. ಆದರೂ ನೆಲದತ್ತ ಇಳಿಯುತ್ತಿರುವ ವಿಮಾನದ ಕೊನೆಯ ಕ್ಷಣಗಳನ್ನು ಯಾರೋ ಎಲ್ಲೋ ನೋಡುತ್ತಲೇ ಇರುತ್ತಾರೆ ಎಂಬ ನಂಬಿಕೆ ತಪ್ಪು.

ನಾನು ಕೆಲಸ ಮಾಡುತ್ತಿದ್ದಾಗ ಒಂದು ಆಗಸ್ಟ್ ಮಧ್ಯಾಹ್ನ ತರಬೇತಿ ವಿಮಾನವೊಂದರ ಗುರುತು ಪರದೆಯಿಂದ ಅಳಿಸಿಹೋಯಿತು. ಹೊರಗೆ ಮೋಡ ಕಪ್ಪಾಗಿತ್ತು. ಗುರುತು ಇದ್ದ ಕಡೆ ಈಗ ಮೂರು ಮಂಕು ಚುಕ್ಕೆಗಳು. ಎರಡು ಮಳೆಯವು, ಒಂದು ನಮ್ಮದು. ಹಿರಿಯ ನಿಯಂತ್ರಕರು ಕುರ್ಚಿಯ ತುದಿಗೆ ಸರಿದು, ದನಿ ಏರಿಸದೆ, ಮೂವತ್ತು ಡಿಗ್ರಿ ಎಡಕ್ಕೆ ತಿರುಗಲು ಪೈಲಟ್‌ಗೆ ರೇಡಿಯೊದಲ್ಲಿ ಹೇಳಿದರು. ಆಂಟೆನಾ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಮೂರನೆಯ ಸುತ್ತಿಗೆ ನಡುವಿನ ಚುಕ್ಕೆ ಎಡಕ್ಕೆ ವಾಲಿತು. "ಇವನೇ ನಮ್ಮ ಹುಡುಗ" ಎಂದು ಅವರು ಪರದೆಯ ಮೇಲೆ ಬೆರಳಿಟ್ಟರು. ಆ ಬೆರಳು ಸಣ್ಣಗೆ ನಡುಗುತ್ತಿದ್ದುದು ನನಗೆ ಕಾಣಿಸಿತು.

ಚಾರ್ಲ್ಸ್ಟನ್‌ನಲ್ಲಿ ಎಡಕ್ಕೆ ತಿರುಗಿ ಎಂದು ಹೇಳಲು ಆ ವಿಮಾನದೊಳಗೆ ಯಾರೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆಯೂ ಇದೆ. 1989ರ ಜುಲೈ 4ರಂದು ಪೋಲೆಂಡಿನ ನೆಲೆಯಿಂದ ಮೇಲೆದ್ದ ಸೋವಿಯತ್ ಮಿಗ್-23ರ ಪೈಲಟ್, ಎಂಜಿನ್ ಶಕ್ತಿ ಕುಂದಿತೆಂದು ಹೊರಜಿಗಿದರು. ವಿಮಾನ ಚೇತರಿಸಿಕೊಂಡು ಮೇಲಕ್ಕೇರಿ, ಪೂರ್ವ ಮತ್ತು ಪಶ್ಚಿಮ ಜರ್ಮನಿ, ನೆದರ್ಲೆಂಡ್ಸ್ ದಾಟಿ ಸುಮಾರು 900 ಕಿಲೋಮೀಟರ್ ಹಾರಿತು. ಅದು ಬಹಳ ಎತ್ತರದಲ್ಲಿತ್ತು, ಹಾಗಾಗಿ ರಾಡಾರ್‌ಗಳು ಅದನ್ನು ಕಂಡವು. ಅಮೆರಿಕದ ಎಫ್-15 ವಿಮಾನಗಳು ಪಕ್ಕದಲ್ಲೇ ಹಾರಿ ಖಾಲಿ ಕಾಕ್‌ಪಿಟ್ ನೋಡಿದವು. ಇಂಧನ ಮುಗಿದು ಅದು ಬೆಲ್ಜಿಯಂನ ಬೆಲ್ಲೆಗೆಮ್‌ನಲ್ಲಿ ಒಂದು ಮನೆಯ ಮೇಲೆ ಬಿತ್ತು. ಮನೆಯಲ್ಲಿದ್ದ ಯುವಕ ಸತ್ತ. ಎಲ್ಲರೂ ನೋಡುತ್ತಿದ್ದ ವಿಮಾನ ಅದು. ದಕ್ಷಿಣ ಕೆರೊಲಿನಾದ ಸುದ್ದಿ ಓದಿದಾಗ ನಾನು ಮೊದಲು ಹುಡುಕಿದ್ದು ಕೆಳಗೆ ಯಾರಿಗಾದರೂ ಏನಾದರೂ ಆಯಿತೇ ಎಂಬ ಸಾಲನ್ನು. ಯಾರಿಗೂ ಏನೂ ಆಗಿರಲಿಲ್ಲ.

ಪೈಲಟ್ ಹೆದರಿ ಹಾರಿದರೇ ಎಂದೂ ಕೇಳುತ್ತಾರೆ. 2024ರ ಅಕ್ಟೋಬರ್ 31ರಂದು ಹೊರಬಂದ ತನಿಖಾ ವರದಿ, ವಿಮಾನ ಇನ್ನೂ ಹಾರಬಲ್ಲ ಸ್ಥಿತಿಯಲ್ಲಿತ್ತು, ಬದಲಿ ಉಪಕರಣಗಳು ಕೆಲಸ ಮಾಡುತ್ತಿದ್ದವು, ಪೈಲಟ್‌ನ ನಿರ್ಧಾರ ತಪ್ಪು ಎಂದಿತು. ನಿಯಂತ್ರಣ ತಪ್ಪಿದ ಸ್ಥಿತಿ ಎಂದರೇನು ಎಂಬ ಬಗ್ಗೆ ಕೈಪಿಡಿಯ ವಿವರಣೆ ಸ್ಪಷ್ಟವಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡಿತು. ಇದು ನನ್ನ ಕ್ಷೇತ್ರವಲ್ಲ. ಮೋಡದೊಳಗೆ, ಪರದೆ ಆರಿದ ಕತ್ತಲಲ್ಲಿ, ನೆಲ ಇಷ್ಟು ಹತ್ತಿರವಿದ್ದಾಗ ತೆಗೆದುಕೊಂಡ ನಿರ್ಧಾರದ ಬಗ್ಗೆ ನೆರಳಿನಲ್ಲಿ ಕೂತು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆ ಮನೆಯಿಂದ ಹೋದ ತುರ್ತು ಕರೆಯಲ್ಲಿ ಪೈಲಟ್ ತಾನೇ ಮಾತನಾಡುತ್ತಾ, ವಿಮಾನ ಎಲ್ಲಿದೆಯೋ ತಿಳಿಯದು, ಎಲ್ಲಿಯೋ ಬಿದ್ದಿರಬೇಕು, ರಕ್ಷಣಾ ತಂಡವನ್ನು ಹೊರಡಿಸಿ ಎಂದು ಕೇಳಿಕೊಳ್ಳುತ್ತಾರೆ. ತನ್ನ ಬೆನ್ನುನೋವಿನ ಮಾತು ಅವರಿಗೆ ಆಮೇಲಿನದು.

ಬೆನ್ನುನೋವಿನ ಮಾತು ಬಂದಿದ್ದರಿಂದ ಒಂದು ವಿಷಯ. 2023ರ ಜೂನ್ 1ರಂದು ನಮ್ಮ ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಾಗ ಇಬ್ಬರು ಪೈಲಟ್‌ಗಳೂ ಹೊರಜಿಗಿದು ಉಳಿದರು; ಸುತ್ತಲಿನ ಜನ ಓಡಿಬಂದರು. ಹಾಗೆ ಓಡಿಬರುವವರ ಮೇಲೆ ನನಗೆ ಅಪಾರ ಪ್ರೀತಿ. ಆದರೆ ಇಳಿದವರನ್ನು ತೋಳು ಹಿಡಿದು ಎಬ್ಬಿಸಿ ಕೂರಿಸಬೇಡಿ. ಇಜೆಕ್ಷನ್ ಸೀಟಿನ ಒದೆತಕ್ಕೆ ಬೆನ್ನೆಲುಬಿನ ಮೂಳೆ ಬಿರುಕು ಬಿಟ್ಟಿರಬಹುದು. ಬೆಂಕಿಯ ಭಯವಿಲ್ಲದಿದ್ದರೆ ಮಲಗಿದ್ದಲ್ಲೇ ಇರಲಿ, ವೈದ್ಯರು ಬರಲಿ. ಅವಶೇಷದ ಹತ್ತಿರ ಹೋಗಬೇಡಿ. ಸಿಡಿಯದೆ ಉಳಿದ ಮದ್ದು ಅದರಲ್ಲಿರಬಹುದು.

ಇನ್ನು ಊರವರನ್ನು ಕೇಳಿದ್ದು. ಎಲ್ಲರೂ ನಕ್ಕದ್ದು ಇದಕ್ಕೇ. ನನ್ನ ಅನುಭವದಲ್ಲಿ ಅಂದು ಅವರು ಮಾಡಿದ ಅತ್ಯಂತ ತಿಳಿವಳಿಕೆಯ ಕೆಲಸವೂ ಇದೇ. ಗುರುತು ಅಳಿಸಿಹೋದ ಮೇಲೆ ಉಳಿಯುವ ಸಾಧನ ಜನರ ಕಣ್ಣು ಮತ್ತು ಕಿವಿ. ವಿಮಾನ ಬಿದ್ದ ಇಂಡಿಯನ್‌ಟೌನ್ ಕಡೆಯ ಹಿರಿಯರೊಬ್ಬರು ಆ ಹೊತ್ತಿಗೆ ಸ್ನಾನದ ಕೋಣೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು. ಕಿರುಚಾಟಕ್ಕೂ ಸಿಳ್ಳಿಗೂ ನಡುವಿನ ಒಂದು ಸದ್ದು, ಹಿಂದೆಯೇ ಢಮ್ಮೆಂದು ಇನ್ನೊಂದು ಸದ್ದು, ಮನೆಯೆಲ್ಲ ನಡುಗಿತು ಎಂದು ಅವರು ಆಮೇಲೆ ಟಿವಿಯವರಿಗೆ ಹೇಳಿದರು. ಹುಡುಕುವವರು ಸರೋವರಗಳ ಸುತ್ತ ತಿರುಗುತ್ತಿದ್ದಾಗ ಕಾಡಿನ ಆ ಮೂಲೆಯ ಸುಳಿವು ಇದ್ದದ್ದು ಅವರ ಕಿವಿಯಲ್ಲಿ.