ಮೊದಲು ಮಂಚದ ಅಂಚಿಗೆ

"ಇವರಿಗೆ ಶುಗರ್ ಇದೆ, ಹಾರ್ಟ್ ವೀಕು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇರೆ. ವ್ಯಾಯಾಮ ಎಲ್ಲಿ ಆಗುತ್ತೆ, ಮಲಗಿರಲಿ ಬಿಡಿ." ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ನಾನು ಈ ಮಾತು ಕೇಳದ ವಾರವಿಲ್ಲ. ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಸುಮ್ನೆ ಮಲಗಿಸಿಬಿಟ್ಟರೆ ಇರುವ ಕಾಯಿಲೆಗಳ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ವಯಸ್ಸಾದವರು ಹತ್ತು ದಿನ ಹಾಸಿಗೆ ಹಿಡಿದರೆ ಸಾಕು, ತೊಡೆ ಸೊರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಸೊಂಟದ ಹಿಂದೆ ಚರ್ಮ ಕೆಂಪಾಗಿ ಹುಣ್ಣಿಗೆ ತಿರುಗುತ್ತದೆ.

ಸಕಲೇಶಪುರದ ಕಡೆಯ ಒಬ್ಬ ಅಜ್ಜ ಹೀಗೇ ಬಂದರು. ಜೀವನವಿಡೀ ಕಾಫಿ ತೋಟದ ಏರು ಹತ್ತಿ ಇಳಿದವರು. ಮೊದಲ ದಿನ ನಾನು ಅವರನ್ನು ನಡೆಸಲೇ ಇಲ್ಲ. ಮಲಗಿದ್ದಾಗ ಬಿ.ಪಿ.ಯ ಮೇಲಿನ ಅಂಕಿ 130 ಇತ್ತು. ಡಯಾಲಿಸಿಸ್‌ಗೆ ಫಿಸ್ಟುಲಾ (ಸೂಜಿ ಚುಚ್ಚಲು ಎರಡು ರಕ್ತನಾಳ ಸೇರಿಸಿ ಮಾಡುವ ಜೋಡಣೆ) ಮಾಡಿದ ಕೈಯಲ್ಲಿ ಬಿ.ಪಿ. ನೋಡಬಾರದು, ಹಾಗಾಗಿ ಇನ್ನೊಂದು ಕೈಗೆ ಪಟ್ಟಿ ಸುತ್ತಿದ್ದೆ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು ಮಂಚದ ಅಂಚಿಗೆ ಕೂರಿಸಿ ಮೂರು ನಿಮಿಷ ಬಿಟ್ಟು ನೋಡಿದರೆ 104! ಕೂತಲ್ಲೇ ಇಷ್ಟು ಇಳಿದರೆ ಎಬ್ಬಿಸಿ ನಿಲ್ಲಿಸುವ ಮಾತೇ ಇಲ್ಲ, ಕಣ್ಣು ಕತ್ತಲೆ ಬಂದು ಬಿದ್ದೇಬಿಡುತ್ತಾರೆ. ಹೊಲಿಗೆ ಮೆಷಿನ್ ತುಳಿದ ಹಾಗೆ ಪಾದ ಆಡಿಸಿ ಅಂದೆ. ಅವತ್ತಿಗೆ ಅಷ್ಟೇ ವ್ಯಾಯಾಮ. ಡಾಕ್ಟರಿಗೆ ಫೋನ್ ಮಾಡಿ ಅಂಕಿ ಹೇಳಿದೆ, ಅವರು ಬಿ.ಪಿ. ಮಾತ್ರೆಯ ಹೊತ್ತು ಬದಲಾಯಿಸಿದರು. ನಾಲ್ಕನೇ ದಿನ ಅಜ್ಜ ವಾಕರ್ ಹಿಡಿದು ನಿಂತರು.

ಅವರು ತಗೊಳ್ಳುತ್ತಿದ್ದ ಹೃದಯದ ಮಾತ್ರೆಯೊಂದು ನಾಡಿಯನ್ನು ಹೆಚ್ಚು ಏರಲು ಬಿಡುವುದಿಲ್ಲ. ಎಷ್ಟೇ ಸುಸ್ತಾದರೂ ಅವರ ನಾಡಿ ಅರವತ್ತು ಎಪ್ಪತ್ತರಲ್ಲೇ ನಿಂತಿರುತ್ತಿತ್ತು. ಅದಕ್ಕೇ ನಾಡಿಯೊಂದನ್ನೇ ನಂಬದೆ, ನಡೆಸುವಾಗ ಮಾತಾಡಿಸುತ್ತಿರುತ್ತೇನೆ. "ಈ ಸಲ ಕಾಫಿಗೆ ಹೂಮಳೆ ಹೆಂಗೆ ಅಜ್ಜ?" ಒಂದೇ ಉಸಿರಿಗೆ ಪೂರ್ತಿ ಉತ್ತರ ಬಂದರೆ ಮುಂದಿನ ಹೆಜ್ಜೆ. ಎರಡು ಪದಕ್ಕೊಮ್ಮೆ ಏದುಸಿರು ಬಿಟ್ಟರೆ ಕುರ್ಚಿ.

ಮಕ್ಕಳಲ್ಲೂ ಲೆಕ್ಕ ಇದೇ, ಅವತ್ತಿನ ಸ್ಥಿತಿ ನೋಡಿ ವ್ಯಾಯಾಮ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಜೊತೆಗೆ ಫಿಟ್ಸ್ ಇರುವ ಮಗುವಿಗೆ ಹೊಟ್ಟೆ ತುಂಬಿದಾಗ ವ್ಯಾಯಾಮ ಬೇಡ, ಮೂಗಲ್ಲಿ ಊಟದ ನಳಿಗೆ ಇದ್ದರಂತೂ ಊಟವಾದ ಕೂಡಲೇ ಬೇಡವೇ ಬೇಡ. ಫಿಟ್ಸ್ ಮಾತ್ರೆ ತಪ್ಪಿದ ದಿನ ತಾಯಿ ಅದನ್ನು ನನಗೆ ಮೊದಲೇ ಹೇಳಬೇಕು. ನಾನೇನೂ ಬೈಯುವುದಿಲ್ಲಮ್ಮಾ, ಅವತ್ತಿನ ಆಟ ಬದಲಾಯಿಸುತ್ತೇನೆ, ಅಷ್ಟೇ.

ವ್ಯಾಯಾಮದ ಮಧ್ಯೆ ಎದೆ ಹಿಡಿದುಕೊಂಡರೆ, ತುಟಿ ನೀಲಿಯಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ತಿಕ್ಕಲು ಹೋಗಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೂ ಅವತ್ತೇ ಡಾಕ್ಟರ್ ಬೇಕು. ನಮ್ಮ ಹತ್ತಿರ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬನ್ನಿ, ಅರ್ಧ ಬಿಟ್ಟದ್ದನ್ನೂ ಸೇರಿಸಿ.