ಅಂಚೆ ದಾಖಲೆಗಳಲ್ಲಿ ಉಳಿದಿರುವ ಹಟ್ಟಿ, ಪಾಳ್ಯ, ಹಾಳೂರುಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸ್ಥಳೀಯ ಚರಿತ್ರೆಯ ದಾಖಲೆಗಳನ್ನು ಹುಡುಕುವ ಕೆಲಸದಲ್ಲಿರುವ ನನ್ನಂಥವರ ಬಳಿಗೆ ಜನರು ತರುವ ಪ್ರಶ್ನೆ ಬಹುಪಾಲು ಒಂದೇ ಬಗೆಯದು. ತಾತ ಮುತ್ತಾತಂದಿರು ಇಂಥ ಊರಿನವರು ಎಂದು ಮನೆಯಲ್ಲಿ ಹೇಳುತ್ತಾರೆ, ಆದರೆ ಆ ಹೆಸರಿನ ಊರು ಪಹಣಿಯಲ್ಲಿಯೂ ಇಲ್ಲ, ನಕ್ಷೆಯಲ್ಲಿಯೂ ಇಲ್ಲ. ಅದು ಎಲ್ಲಿತ್ತು, ಅಲ್ಲಿದ್ದವರೆಲ್ಲ ಎಲ್ಲಿಗೆ ಹೋದರು ಎಂದು ಕೇಳುತ್ತಾರೆ. ಇಂಥವರು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಮೊದಲು ಹೋಗಿ ಬಂದಿರುತ್ತಾರೆ. ಅಂಚೆ ಕಚೇರಿಯ ನೆನಪು ಯಾರಿಗೂ ಬಂದಿರುವುದಿಲ್ಲ.

ಕಂದಾಯ ದಾಖಲೆಗಳು ಜಮೀನನ್ನು ಸರ್ವೆ ನಂಬರಿನ ಮೂಲಕ ಗುರುತಿಸುತ್ತವೆ. ಅಸಲಿ ಗ್ರಾಮ, ಎಂದರೆ ಕಂದಾಯ ಲೆಕ್ಕದ ಮುಖ್ಯ ಊರು, ಒಂದರ ಎಲ್ಲೆಯೊಳಗೆ ಎಷ್ಟು ದಾಖಲಿ ಗ್ರಾಮಗಳು (ಅದಕ್ಕೆ ಸೇರಿದ ಉಪಗ್ರಾಮಗಳು), ಗೊಲ್ಲರಹಟ್ಟಿಗಳು, ತಾಂಡಾಗಳು, ಪಾಳ್ಯಗಳು ಇದ್ದರೂ ಖಾತೆ, ಕಂದಾಯಗಳೆಲ್ಲ ಆ ಅಸಲಿ ಗ್ರಾಮದ ಹೆಸರಿನಲ್ಲಿಯೇ ನಡೆಯುತ್ತವೆ. ಸ್ವಂತ ಜಮೀನಿಲ್ಲದ ಕುಟುಂಬಗಳಂತೂ ಆ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಅಂಚೆಗೆ ಈ ಅನುಕೂಲ ಇರಲಿಲ್ಲ. ಕಾಗದವನ್ನು ವಿಳಾಸದಾರನ ಕೈಗೇ ಮುಟ್ಟಿಸಬೇಕಾಗಿದ್ದರಿಂದ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿಯ ಯಾವುದೋ ಹಟ್ಟಿಯಲ್ಲಿ ಹತ್ತೇ ಮನೆಗಳಿದ್ದರೂ ಬಟವಾಡೆ ಮಾಡುವವನಿಗೆ ಆ ಹಟ್ಟಿಯ ಹೆಸರು, ಅದಕ್ಕೆ ಹೋಗುವ ದಾರಿ, ಅಲ್ಲಿಗೆ ಹೋಗಬೇಕಾದ ವಾರದ ದಿನ ಗೊತ್ತಿರಲೇಬೇಕಿತ್ತು. ಜನರು ತಮ್ಮ ನೆಲೆಯನ್ನು ತಾವೇ ಏನೆಂದು ಕರೆದುಕೊಳ್ಳುತ್ತಿದ್ದರೋ ಆ ಹೆಸರು ಸರ್ಕಾರದ ಬರಹಕ್ಕೆ ಬಂದಿರುವುದು ಅನೇಕ ಕಡೆ ಈ ಒಂದು ದಾರಿಯಿಂದ ಮಾತ್ರ. ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ನಡೆದಿರುವ ಈ ಕಾಲದಲ್ಲಿ, ಒಂದು ಹಟ್ಟಿ ಹಿಂದಿನಿಂದಲೂ ಇತ್ತೆಂದು ತೋರಿಸಲು ಹಳೆಯ ಅಂಚೆ ಗುರುತುಗಳನ್ನೂ ಗಂಭೀರವಾಗಿ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ.

ಹುಡುಕಾಟಕ್ಕೆ ತೊಡಗುವ ಮೊದಲು ಕಾಲದ ಮಿತಿಯನ್ನು ತಿಳಿದಿರಬೇಕು. ಮೈಸೂರು ಸಂಸ್ಥಾನದ ಸ್ವಂತ ಅಂಚೆ ವ್ಯವಸ್ಥೆ ಚಿಕ್ಕದೇವರಾಜ ಒಡೆಯರ ಕಾಲದಷ್ಟು ಹಳೆಯದು, 1889ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅದು ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಅದಕ್ಕಿಂತ ಹಿಂದಿನ ಅಂಚೆಯ ವಿಷಯವನ್ನು ಅಂಚೆ ಇಲಾಖೆಯಲ್ಲಿ ಹುಡುಕುವುದಕ್ಕಿಂತ, ಸಂಸ್ಥಾನ ಸರ್ಕಾರದ ಕಡತಗಳನ್ನು ಕಾಪಾಡಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹುಡುಕುವುದು ಮೇಲು. ವಿಲೀನವಾದ ಮೇಲೂ ಹಳ್ಳಿಗಳಲ್ಲಿ ಅಂಚೆ ಕಚೇರಿಗಳು ವಿರಳವಾಗಿದ್ದವು. 1947ರಲ್ಲಿ ಇಡೀ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344, ಈಗ ಒಂದೂವರೆ ಲಕ್ಷಕ್ಕೂ ಹೆಚ್ಚು. ಎಂದರೆ ನಮ್ಮ ಹಳ್ಳಿಗಳ ಶಾಖಾ ಅಂಚೆ ಕಚೇರಿಗಳಲ್ಲಿ ಬಹುಪಾಲು ಸ್ವಾತಂತ್ರ್ಯಾನಂತರದವು. ಹೀಗಾಗಿ 1876–78ರ ಮಹಾಕ್ಷಾಮದಲ್ಲಿ ಹಾಳಾದ ಊರುಗಳ ಬಗ್ಗೆ ಅಂಚೆ ದಾಖಲೆಗಳಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಗ ಬರಿದಾದ ಊರುಗಳಿಗೆ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳ ಪಟ್ಟಿ, ಶಾಸನಗಳು ಮತ್ತು ಮನೆತನಗಳ ಬಾಯಿಮಾತುಗಳೇ ಆಧಾರ. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಕೆಲವರು ಅಲ್ಲಿಯೇ ನೆಲೆನಿಂತ ಕಥೆಗಳ ವಿಷಯದಲ್ಲಿ ಅಂಚೆ ಸ್ವಲ್ಪ ನೆರವಾಗುತ್ತದೆ. ಅಂಚೆ ದಾಖಲೆಗಳು ನಿಜವಾಗಿ ಬೆಳಕು ಚೆಲ್ಲುವುದು 20ನೇ ಶತಮಾನದ ಊರುಗಳ ಮೇಲೆ: ಕೆರೆ, ಜಲಾಶಯಗಳಿಗಾಗಿ ತೆರವಾದವು, ಬಾವಿ ಬತ್ತಿ ಖಾಲಿಯಾದವು, ಗಣಿ ಮುಚ್ಚಿ ಚದುರಿದವು.

ಅಂಚೆ ಕಚೇರಿಗೆ ಹೋದರೆ ನೂರು ವರ್ಷದ ಪುಸ್ತಕಗಳು ಸಾಲಾಗಿ ಸಿಗುತ್ತವೆಂದು ಯಾರೂ ಭಾವಿಸಬಾರದು. ದಿನಚರಿಯ ಲೆಕ್ಕದ ಪುಸ್ತಕಗಳು, ಮನಿಯಾರ್ಡರ್ ಕಾಗದಗಳು, ನೋಂದಾಯಿತ ಅಂಚೆಯ ಪಟ್ಟಿಗಳು ನಿಗದಿತ ಅವಧಿ ಮುಗಿದ ಮೇಲೆ ನಿಯಮದಂತೆ ವಿಲೇವಾರಿಯಾಗುತ್ತವೆ. ವಿಭಾಗ ಕಚೇರಿಯ ಮಟ್ಟದಲ್ಲಿ ಉಳಿದಿರುವ ಸಾಧ್ಯತೆ ಇರುವುದು ಶಾಖಾ ಕಚೇರಿಗಳನ್ನು ತೆರೆದ, ಮುಚ್ಚಿದ, ಸ್ಥಳಾಂತರಿಸಿದ ಆದೇಶಗಳು ಮತ್ತು ಯಾವ ಹಳ್ಳಿ ಯಾವ ಕಚೇರಿಯ ಬಟವಾಡೆಗೆ ಸೇರಿದೆ ಎಂಬ ಪಟ್ಟಿಗಳು. ಇವನ್ನು ನೋಡಲು ಅಂಚೆ ಅಧೀಕ್ಷಕರಿಗೆ ಉದ್ದೇಶವನ್ನು ತಿಳಿಸಿ ಲಿಖಿತ ಮನವಿ ಕೊಡಬೇಕು. ಉಳಿತಾಯ ಖಾತೆಯ ವಿವರಗಳನ್ನು ಕೇಳಬಾರದು. ಅವು ಖಾತೆದಾರರ ಗೋಪ್ಯ ವಿಷಯ. ಪ್ರಾಯೋಗಿಕವಾಗಿ ತೆರೆದ ಕಚೇರಿಯೊಂದು ಖರ್ಚಿಗೆ ತಕ್ಕ ಆದಾಯ ತರದಿದ್ದರೆ ಮುಚ್ಚುವ ಪದ್ಧತಿ ಇತ್ತು. ಆದ್ದರಿಂದ ತೆರೆದ ಮತ್ತು ಮುಚ್ಚಿದ ದಿನಾಂಕಗಳೆರಡೂ ದೊರೆತರೆ ಊರಿನ ಏಳುಬೀಳಿನ ಬಗ್ಗೆ ಒಂದು ಸುಳಿವು ಸಿಕ್ಕಂತೆ. ಅದು ಸುಳಿವು ಮಾತ್ರ. ಶಾಖಾ ಪೋಸ್ಟ್ ಮಾಸ್ಟರ್ ಆಗಿರುತ್ತಿದ್ದವರು ಊರಿನ ಮೇಷ್ಟ್ರು ಇಲ್ಲವೇ ಅಂಗಡಿಯವರು. ಕಚೇರಿ ನಡೆಯುತ್ತಿದ್ದುದು ಅವರ ಮನೆಯ ಜಗಲಿಯಲ್ಲಿ. ಅವರು ಬಿಟ್ಟ ಮೇಲೆ ಆ ಕೆಲಸಕ್ಕೆ ಪಕ್ಕದ ಊರಿನವರು ಬಂದರೆ ಕಚೇರಿಯೂ ಪಕ್ಕದ ಊರಿಗೆ ಹೋಗಬಹುದಿತ್ತು, ಊರು ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

ಇದಕ್ಕಿಂತ ಹೆಚ್ಚಿನ ಸಾಮಗ್ರಿ ಜನರ ಮನೆಗಳಲ್ಲಿದೆ. ಹಳೆಯ ಟ್ರಂಕಿನಲ್ಲಿ ಕ್ರಯಪತ್ರಗಳ ಜೊತೆಗೆ ಕಟ್ಟಿಟ್ಟ ಪೋಸ್ಟ್ ಕಾರ್ಡು, ಲಕೋಟೆಗಳನ್ನು ಓದುವಾಗ ಒಕ್ಕಣೆಗಿಂತ ಮೊದಲು ವಿಳಾಸವನ್ನೂ ಮೊಹರುಗಳನ್ನೂ ಓದಬೇಕು. ಕಾಗದವನ್ನು ಅಂಚೆಗೆ ಹಾಕಿದ ಊರಿನ ಮೊಹರು ಅಂಚೆಚೀಟಿಯ ಮೇಲೆ ಬಿದ್ದಿರುತ್ತದೆ, ತಲುಪಿದ ಕಚೇರಿಯ ಮೊಹರು ಅನೇಕ ವೇಳೆ ಲಕೋಟೆಯ ಹಿಂಬದಿಯಲ್ಲಿರುತ್ತದೆ. ಎರಡರ ನಡುವಿನ ದಿನಗಳನ್ನು ಎಣಿಸಿದರೆ ಊರು ದಾರಿಯ ಪಕ್ಕದಲ್ಲಿತ್ತೋ ಒಳಗಿತ್ತೋ ಎಂಬ ಅಂದಾಜು ಬರುತ್ತದೆ. ವಿಳಾಸದಲ್ಲಿ ಹಟ್ಟಿಯ ಹೆಸರು, ಅದು ಸೇರಿದ ಗ್ರಾಮ, ‘ಅಂಚೆ’ ಎಂದು ಬರೆದು ಕಚೇರಿಯ ಊರು, ಹೋಬಳಿ, ತಾಲ್ಲೂಕು, ಹೀಗೆ ಒಂದರ ಕೆಳಗೊಂದು ಸಾಲುಗಳಿರುತ್ತವೆ; ನಕ್ಷೆಯ ಮೇಲೆ ಹುಡುಕಬೇಕಾದ ಜಾಗವನ್ನು ಈ ಸಾಲುಗಳೇ ಕಿರಿದಾಗಿಸುತ್ತವೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದದ್ದರಿಂದ, ದಿನಾಂಕ ಅಳಿಸಿಹೋಗಿರುವ ಕಾಗದದಲ್ಲಿ ಪಿನ್‌ಕೋಡ್ ಇದ್ದರೆ ಅದು ಆ ಬಳಿಕದ್ದೆಂದು ಹೇಳಬಹುದು.

ವಾಪಸಾದ ಕಾಗದಗಳನ್ನು ನಾನು ವಿಶೇಷ ಎಚ್ಚರದಿಂದ ನೋಡುತ್ತೇನೆ. ವಿಳಾಸದಾರ ಸಿಗದಿದ್ದಾಗ ಪೋಸ್ಟ್‌ಮ್ಯಾನ್ ಅದರ ಮೇಲೆ ಕಾರಣವನ್ನು ಬರೆಯಬೇಕಿತ್ತು: ಊರು ಬಿಟ್ಟಿದ್ದಾರೆ, ಮರಣ ಹೊಂದಿದ್ದಾರೆ, ಇಂಥವರು ಇಲ್ಲಿ ಇಲ್ಲ. ಒಂದೇ ಊರಿಗೆ ಹೋದ ಹಲವು ಕಾಗದಗಳ ಮೇಲೆ ಕೆಲವೇ ವರ್ಷಗಳ ಅಂತರದಲ್ಲಿ ‘ಊರು ಬಿಟ್ಟಿದ್ದಾರೆ’ ಎಂಬ ಷರಾ ಕಂಡರೆ, ಆ ವರ್ಷಗಳಲ್ಲಿ ಅಲ್ಲಿ ಮಳೆ ಹೇಗಿತ್ತು, ಯಾವ ಕಾಮಗಾರಿ ನಡೆಯಿತು ಎಂದು ವಿಚಾರಿಸಲೇಬೇಕು.

ಕೋಲಾರದ ಚಿನ್ನದ ಗಣಿಗಳ ಸುತ್ತ ಈ ಹುಡುಕಾಟ ತಿರುಗುಮುರುಗಾಗಿ ನಡೆಯುತ್ತದೆ. ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂಗಳ ಲೈನ್ ಮನೆಗಳಿಗೆ ಬಂದ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟು, ಚಿತ್ತೂರು ಕಡೆಯ ಹಳ್ಳಿಗಳವರು. ಸಂಬಳದ ಒಂದು ಭಾಗ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿತ್ತು, ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿದ್ದ ರಸೀದಿ ಕಳಿಸಿದವನಿಗೆ ಹಿಂದಿರುಗುತ್ತಿತ್ತು. ಅಂಗೈಯಗಲದ ಆ ಚೂರಿನ ಮೇಲೆ ಹಣ ಕೊಟ್ಟ ಕಚೇರಿಯ ಮೊಹರು ಇರುತ್ತದೆ, ಹೆಬ್ಬೆಟ್ಟಾದರೆ ಪಕ್ಕದಲ್ಲಿ ಸಾಕ್ಷಿಯ ಹೆಸರೂ ಇರುತ್ತದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಚದುರಿದ ಮನೆತನಗಳ ಪಾಲಿಗೆ, ತಮ್ಮ ಮೂಲ ಊರು ಯಾವುದು, ಅಲ್ಲಿ ತಮ್ಮವರು ಯಾರಿದ್ದರು ಎಂಬುದಕ್ಕೆ ಈ ರಸೀದಿಗಿಂತ ಗಟ್ಟಿಯಾದ ಲಿಖಿತ ಪುರಾವೆ ಸಿಗುವುದು ಕಷ್ಟ.

ಹೆಸರು ಸಿಕ್ಕ ಮಾತ್ರಕ್ಕೆ ಊರು ಸಿಕ್ಕಂತಲ್ಲ. ಹೊಸಹಳ್ಳಿ, ಗೊಲ್ಲಹಳ್ಳಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆ. ಬಾಗೇಪಲ್ಲಿ, ಚಿಂತಾಮಣಿಗಳ ಕಡೆ ಒಂದೇ ಊರನ್ನು ತೆಲುಗಿನವರು ಪಲ್ಲಿ ಎಂದೂ ಕನ್ನಡದವರು ಹಳ್ಳಿ ಎಂದೂ ಬರೆದಿರುತ್ತಾರೆ. ಇಂಗ್ಲಿಷ್ ಮೊಹರಿನ ಕಾಗುಣಿತ ಮೂರನೆಯದು. ಗೌರಿಬಿದನೂರು ಹಳೆಯ ಪುಸ್ತಕಗಳಲ್ಲಿ ಗೋರಿಬಿದನೂರ್ ಆಗಿದೆ. ಆದ್ದರಿಂದ ಅಂಚೆಯಿಂದ ದೊರೆತ ಹೆಸರನ್ನು ಗ್ರಾಮನಕ್ಷೆಯ ಗ್ರಾಮಠಾಣದ (ಊರಿನ ಮನೆಗಳಿದ್ದ ಜಾಗದ) ಗುರುತಿನೊಂದಿಗೆ ತಾಳೆ ನೋಡಬೇಕು, ಆಮೇಲೆ ಜಾಗಕ್ಕೆ ಹೋಗಿ ಹಾಳುಬಾವಿ, ಒರಳುಕಲ್ಲು, ಗುಡಿಯ ತಳಪಾಯಗಳನ್ನು ನೋಡಬೇಕು. ಹಳೆಯ ಊರಿನ ಮಾರಮ್ಮನಿಗೆ ವರ್ಷಕ್ಕೊಮ್ಮೆ ಎಡೆ ಕೊಡಲು ಬರುವ ಕುಟುಂಬಗಳಿದ್ದರೆ ಅವರನ್ನೂ, ಆ ದಾರಿಯಲ್ಲಿ ಟಪಾಲು ಹೊತ್ತ ನಿವೃತ್ತ ಅಂಚೆಯಣ್ಣಂದಿರನ್ನೂ ಮಾತನಾಡಿಸಬೇಕು. ಅವರ ನೆನಪಿನಲ್ಲಿ ಮನೆಗಳ ಸಾಲು ಕೂಡ ಇರುತ್ತದೆ, ಮತ್ತು ಅವರೆಲ್ಲರಿಗೂ ಈಗ ವಯಸ್ಸಾಗಿದೆ. ಹಳೆಯ ವಿಳಾಸಗಳಲ್ಲಿ ಜಾತಿಯ ಹೆಸರು ಹಿಡಿದು ಕೇರಿಯನ್ನು ಕರೆದ ಮಾತುಗಳು ಬರುತ್ತವೆ. ಅಂಥವನ್ನು ಆ ಕೇರಿಯವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ತಪ್ಪೆಂದು ನಾನು ತಿಳಿದಿದ್ದೇನೆ.

ಮನೆಯಲ್ಲಿ ಇಂಥ ಕಾಗದಗಳಿರುವವರಲ್ಲಿ ಒಂದು ಕೋರಿಕೆ. ಸಂಗ್ರಹಕ್ಕೆಂದು ಅಂಚೆಚೀಟಿಯನ್ನು ಕತ್ತರಿಸಬೇಡಿ, ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಊರಿನ ಹೆಸರೂ ದಿನಾಂಕವೂ ಇರುವ ಮೊಹರು ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಇರುತ್ತದೆ. ಲಕೋಟೆಯ ಎರಡೂ ಬದಿಗಳ ಚಿತ್ರ ತೆಗೆದು, ಅದು ಯಾರ ಮನೆಯದು, ಯಾರು ಯಾರಿಗೆ ಬರೆದದ್ದು ಎಂಬುದನ್ನು ಹಿರಿಯರಿಂದ ಕೇಳಿ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.