ಅಳತೆಗೆ ಸಿಗದ ನೆತ್ತರು

ನಾನು ಹಿಂದೆ ಕೆಲಸ ಮಾಡುತ್ತಿದ್ದ, ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ರಿಜಿಸ್ಟರನ್ನು ಒಂದು ಮಧ್ಯಾಹ್ನ ಕೂತು ತಿರುವಿ ಹಾಕಿದಾಗ, ರಕ್ತಸ್ರಾವದ ಕಾಲಮ್ಮಿನಲ್ಲಿ ಪುಟದ ಮೇಲಿಂದ ಕೆಳಗಿನವರೆಗೂ ಒಂದೇ ಅಂಕಿ ಕಂಡಿತು: 200 ಮಿ.ಲೀ. ಚೊಚ್ಚಲ ಹೆರಿಗೆಗೂ ಅಷ್ಟೇ, ನಾಲ್ಕನೆಯದಕ್ಕೂ ಅಷ್ಟೇ, ಅವಳಿ ಮಕ್ಕಳಾದವಳಿಗೂ ಅಷ್ಟೇ. ಹೀಗೆ 200 ಎಂದು ಬರೆಸಿಕೊಂಡ ಒಬ್ಬ ಬಾಣಂತಿಯನ್ನು ಎರಡು ತಾಸಿನ ಮೇಲೆ, ನಾಡಿ ಕೈಗೆ ಸಿಗದ ಸ್ಥಿತಿಯಲ್ಲಿ, ಜಿಲ್ಲಾ ಕೇಂದ್ರಕ್ಕೆ ಕಳಿಸಿದ ದಾಖಲೆಯೂ ಅದೇ ಪುಟದಲ್ಲಿತ್ತು. ಬರೆದ ಸಿಸ್ಟರ್ ಬೇಕೆಂದೇ ಸುಳ್ಳು ಬರೆದರೆಂದು ನಾನು ಹೇಳಲಾರೆ. ಅಳೆಯಲು ಏನೂ ಇಲ್ಲದ ಕಡೆ ರೂಢಿಯ ಅಂಕಿಯೇ ಪೆನ್ನಿನ ತುದಿಗೆ ಬರುತ್ತದೆ.

ಹೆರಿಗೆಯ ನೆತ್ತರು ಕಣ್ಣಳತೆಗೆ ಸಿಗುವಂಥದ್ದಲ್ಲ. ಅರ್ಧ ಬಟ್ಟೆಯಲ್ಲಿ ಇಂಗಿರುತ್ತದೆ, ಒಂದಿಷ್ಟು ಬಕೆಟ್ಟಿನಲ್ಲಿ ಗರ್ಭಜಲದೊಂದಿಗೆ ಬೆರೆತಿರುತ್ತದೆ, ಉಳಿದದ್ದು ಟೇಬಲ್ಲಿನ ಕೆಳಗೆ ಹರಿದು, ಆಯಾ ಬಂದು ಒರೆಸಿಯೂ ಆಗಿರುತ್ತದೆ. ಈ ತೊಡಕಿಗೆ ಉತ್ತರ ಹುಡುಕಿದವರಲ್ಲಿ ನಮ್ಮ ಪಕ್ಕದ ಬೆಳಗಾವಿಯವರೂ ಇದ್ದಾರೆ ಎಂಬುದು ಇಲ್ಲಿನ ಅನೇಕ ವೈದ್ಯರಿಗೇ ಗೊತ್ತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ತಂಡ ವಿದೇಶಿ ಸಹೋದ್ಯೋಗಿಗಳೊಂದಿಗೆ ಸೇರಿ ಬಳಕೆಗೆ ತಂದ ಸಾಧನ ಅದು: ಮಗು ಹೊರಬಂದ ಕೂಡಲೇ ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಮಿಲಿಲೀಟರ್ ಗೆರೆಗಳಿರುವ ಚೀಲ. ಕಣ್ಣಂದಾಜು ಈ ಚೀಲದ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬರುತ್ತದೆಂದು 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳನ್ನು ಗಮನಿಸಿ, ದಾದಿಯರು ಕೊಟ್ಟ, ಗರ್ಭಕೋಶ ಬಿಗಿಗೊಳಿಸುವ ಮಿಸೋಪ್ರೋಸ್ಟಾಲ್ ಮಾತ್ರೆಗಳಿಂದ ಅತಿಸ್ರಾವದ, ಅಂದರೆ 500 ಮಿ.ಲೀ. ಅಥವಾ ಅದಕ್ಕೂ ಹೆಚ್ಚು ನೆತ್ತರು ಹೋಗುವುದರ, ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದದ್ದನ್ನು ದಾಖಲಿಸಿದರು. ಅಷ್ಟಾದ ಮೇಲೂ ನನ್ನ ರಿಜಿಸ್ಟರಿನಲ್ಲಿ 200 ಎಂದೇ ಬರೆಯಲಾಗುತ್ತಿತ್ತು.

ಆಸ್ಪತ್ರೆಗೆ ಬಂದರೆ ತಾಯಿ ಉಳಿಯುತ್ತಾಳೆ ಎಂಬ ನಂಬಿಕೆಯ ಮೇಲೆ ಕಳೆದ ಇಪ್ಪತ್ತು ವರ್ಷಗಳ ಕೆಲಸ ನಡೆದಿದೆ, ಮತ್ತು ಆ ಕೆಲಸ ಸಣ್ಣದಲ್ಲ. 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ವಾಹನ ಓಡತೊಡಗಿತು. 2005–06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 65ರ ಆಸುಪಾಸಿನಲ್ಲಿದ್ದ ಕರ್ನಾಟಕದ ಆಸ್ಪತ್ರೆ ಹೆರಿಗೆ, 2019–21ರ ಸುತ್ತಿಗೆ ಶೇ 97 ಮುಟ್ಟಿತು. ಲಕ್ಷ ಜನನಗಳಿಗೆ 228 ಇದ್ದ ತಾಯಂದಿರ ಮರಣ 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಆದರೆ ತಾಯಿ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಆಗುವ ತಡವನ್ನು ಜನನಿ ಸುರಕ್ಷಾ ಹಣವೂ ಕಡಿಮೆ ಮಾಡುವುದಿಲ್ಲ, ವಾಹನವೂ ಕಡಿಮೆ ಮಾಡುವುದಿಲ್ಲ. ಮನೆಯಲ್ಲಿ ನಿರ್ಧರಿಸಲು ತಡ, ದಾರಿಯಲ್ಲಿ ತಡ, ಆಸ್ಪತ್ರೆಯೊಳಗೆ ತಡ ಎಂದು 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ಮೂರು ವಿಳಂಬಗಳನ್ನು ಗುರುತಿಸಿದ್ದರು. ನಮ್ಮ ಭಾಗದಲ್ಲಿ ಮೊದಲೆರಡು ಎಷ್ಟೋ ಕರಗಿವೆ. ಈಗ ಉಳಿದಿರುವ ಸಾವುಗಳ ಬೇರನ್ನು ನಾನು ಹೆರಿಗೆ ಕೋಣೆಯ ಒಳಗೇ ಹುಡುಕುತ್ತೇನೆ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಲಿಲ್ಲ, ರಕ್ತ ನಿಲ್ಲುತ್ತಿರಲಿಲ್ಲ. ಹೊರಗಿದ್ದ ಅತ್ತೆ, "ಕೆಟ್ಟ ನೆತ್ತರ ಹೋಗಲಿ ಬಿಡ್ರೀ ಸಿಸ್ಟರ್, ಮೈ ಹಗರ ಆಗ್ತದ" ಎನ್ನುತ್ತಿದ್ದರು. ಸಿಸ್ಟರಿಗೆ ಏನು ಮಾಡಬೇಕೆಂದು ಚೆನ್ನಾಗಿಯೇ ಗೊತ್ತಿತ್ತು. ಔಷಧವೂ ಆಸ್ಪತ್ರೆಯಲ್ಲಿತ್ತು, ಆದರೆ ಕಪಾಟಿಗೆ ಬೀಗ, ಬೀಗದ ಕೈ ಫಾರ್ಮಸಿಸ್ಟರ ಮನೆಯಲ್ಲಿ. ಸ್ಟಾಕ್ ಕಡಿಮೆ ಬಿದ್ದರೆ ಆಡಿಟ್‌ನಲ್ಲಿ ಸಂಬಳ ಹಿಡಿಯುತ್ತಾರೆಂಬ ಭಯಕ್ಕೆ ಅವರು ಕೀಲಿಯನ್ನು ಯಾರಿಗೂ ಬಿಟ್ಟು ಹೋಗುತ್ತಿರಲಿಲ್ಲ. ಆ ಭಯಕ್ಕೆ ಕಾರಣವೂ ಇತ್ತು, ಹಿಂದಿನವರೊಬ್ಬರಿಗೆ ಹಾಗೇ ಆಗಿತ್ತು. ಆಯಾ ಓಡಿ ಹೋಗಿ ಕೀಲಿ ತರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋದವು. ಆ ಹುಡುಗಿ ಬದುಕಿದಳು, ನಾಲ್ಕು ಬಾಟಲಿ ರಕ್ತ ಏರಿಸಬೇಕಾಯಿತು. ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸುವ ಬಗ್ಗೆ ಸಭೆಗಳಲ್ಲಿ ಹೊಸ ಕಟ್ಟಡದ ನಕ್ಷೆ ಬಿಡಿಸಿದಾಗಲೆಲ್ಲ ನನಗೆ ಆ ಕೀಲಿ ನೆನಪಾಗುತ್ತದೆ.

ಚೀಲವೊಂದೇ ಸಾಲದು ಎಂಬುದನ್ನು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಸ್ಪಷ್ಟಪಡಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಆ ಅಧ್ಯಯನದಲ್ಲಿ, ಗೆರೆಯಿರುವ ಚೀಲದ ಜೊತೆಗೆ ಅಳತೆ ಮೀರಿದ ಕ್ಷಣಕ್ಕೆ ಮಾಡಬೇಕಾದ ಕೆಲಸಗಳನ್ನೆಲ್ಲ ಒಂದೇ ಕಟ್ಟಾಗಿ ಕೊಟ್ಟಿದ್ದರು: ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿಗೊಳಿಸುವ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ನರಕ್ಕೆ ದ್ರವ, ಮೂಲ ಹುಡುಕುವ ಪರೀಕ್ಷೆ, ನಿಲ್ಲದಿದ್ದರೆ ಮೇಲಿನವರಿಗೆ ಕರೆ. ಹೋಲಿಕೆಯ ಆಸ್ಪತ್ರೆಗಳಿಗೂ ಚೀಲ ಕೊಟ್ಟಿದ್ದರು, ಗೆರೆಯಿಲ್ಲದ್ದು. ಅಲ್ಲಿ ಅತಿಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಗುರುತಾದರೆ, ಗೆರೆಯ ಚೀಲವೂ ಕೆಲಸದ ಕಟ್ಟೂ ಸಿಕ್ಕ ಆಸ್ಪತ್ರೆಗಳಲ್ಲಿ ಶೇ 93. ತೀವ್ರ ಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ಸಾವು, ಇವನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಶೇ 60ರಷ್ಟು ಕಡಿಮೆಯಾಗಿತ್ತು. ಒಂದೊಂದಾಗಿ ಔಷಧ ಕೊಟ್ಟು ಕಾದು ನೋಡುವ ನಮ್ಮ ಹಳೆಯ ಪಾಠ ಅಲ್ಲಿಗೆ ಮುಗಿಯಬೇಕಿತ್ತು.

ಔಷಧದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗರ್ಭಕೋಶ ಬಿಗಿಗೊಳಿಸುವ ಚುಚ್ಚುಮದ್ದಾದ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ವಿಜಯಪುರ, ಬಾಗಲಕೋಟೆಗಳ ಏಪ್ರಿಲ್ ಬಿಸಿಲಿನಲ್ಲಿ, ಕರೆಂಟು ಹೋದ ಕೋಣೆಯಲ್ಲಿ, ಟ್ರೇಯಲ್ಲೇ ಬಿದ್ದಿರುವ ಆಂಪೂಲಿನ ಶಕ್ತಿ ಕುಂದುತ್ತದೆ. ಲಸಿಕೆಗೆ ಫ್ರಿಜ್ಜು ಇದ್ದೇ ಇರುತ್ತದೆ, ಆದರೆ ಅದು ಲಸಿಕೆ ವಿಭಾಗದ್ದು ಎಂಬ ಗೆರೆ ಎಳೆದುಕೊಂಡು ಹೆರಿಗೆಯ ಔಷಧವನ್ನು ಹೊರಗಿಟ್ಟದ್ದನ್ನು ನಾನು ಕಂಡಿದ್ದೇನೆ.

ಇನ್ನು ಮಗು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್ ಇದ್ದಾಗ ಹುಟ್ಟಿದ ಮಗು ಅಳದಿದ್ದರೆ, ಮೊದಲ ಒಂದು ನಿಮಿಷದೊಳಗೆ ಬ್ಯಾಗು ಮತ್ತು ಮಾಸ್ಕಿನಿಂದ ಉಸಿರು ಕೊಡಬೇಕು, ಅದನ್ನು ಅವಳು ಮಾಡಿಯೇ ಮಾಡುತ್ತಾಳೆ. ಆ ಹೊತ್ತಿನಲ್ಲಿ ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವವರಿಲ್ಲ. ತಾಯಿ ಮತ್ತು ಶಿಶುವಿನ ಕಾರ್ಯಕ್ರಮಗಳು ಕಾಗದದಲ್ಲಿ ಬೇರೆ ಬೇರೆ ತರಬೇತಿ, ಬೇರೆ ಬೇರೆ ವರದಿ. ಕೋಣೆಯಲ್ಲಿ ಮಾತ್ರ ಎರಡು ಜೀವಕ್ಕೆ ಒಂದು ಜೊತೆ ಕೈ. ಸಂಬಳದ ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂದು ಎಣಿಸುವವರು ರಾತ್ರಿ ಎರಡು ಗಂಟೆಗೆ ಎಷ್ಟು ಕೈಗಳಿವೆ ಎಂದೂ ಎಣಿಸಬೇಕು.

ರಕ್ತಹೀನತೆ ಇದಕ್ಕೆಲ್ಲ ಅಡಿಪಾಯ. ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ 7 ಇರುವ ಬಾಣಂತಿ 500 ಮಿ.ಲೀ. ಕಳೆದುಕೊಳ್ಳುವವರೆಗೆ ನಾವು ಕಾಯುವಂತಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸುಗ್ಗಿಯಿಡೀ ಊರು ಬಿಡುವ ತಾಂಡಾದ ಹೆಣ್ಣುಮಗಳ ತಾಯಿ ಕಾರ್ಡು ಒಂದೂರಲ್ಲಿ, ಕಬ್ಬಿಣದ ಮಾತ್ರೆ ಇನ್ನೊಂದೂರಲ್ಲಿ, ಹೆರಿಗೆ ಮೂರನೆಯದರಲ್ಲಿ. ಕಳಿಸುವ ದಾರಿಯೂ ಹಾಗೇ: ಅಥಣಿಗೆ ಬೆಳಗಾವಿಗಿಂತ ವಿಜಯಪುರವೂ ಮೀರಜ್ಜೂ ಹತ್ತಿರ, ಚೀಟಿ ಬರೆಯುವ ರೂಢಿ ಮಾತ್ರ ಜಿಲ್ಲಾ ಕೇಂದ್ರದ ಕಡೆಗೆ. ಮುಂದಿನ ಆಸ್ಪತ್ರೆಯಲ್ಲಿ ರಕ್ತ ಇದೆಯೇ ಎಂದು ವಾಹನ ಹೊರಡುವ ಮೊದಲು ಫೋನಿನಲ್ಲಿ ಕೇಳುವುದು ಯಾವ ಯೋಜನೆಯ ಹಣವನ್ನೂ ಬೇಡುವುದಿಲ್ಲ.

ಕೀಲಿಗಾಗಿ ಓಡಿದ ಆ ರಾತ್ರಿಯ ನಂತರ ಹೆರಿಗೆ ಟೇಬಲ್ಲಿನ ಪಕ್ಕದ ಗೋಡೆಗೆ ಒಂದು ಡಬ್ಬಿ ಜಡಿಸಿದೆವು. ಬೀಗವಿಲ್ಲ, ಕೈಯಿಂದ ಹರಿಯಬಹುದಾದ ಕಾಗದದ ಸೀಲು ಮಾತ್ರ. ಫ್ರಿಜ್ಜಿನಿಂದ ತರಬೇಕಾದ ಆಕ್ಸಿಟೋಸಿನ್ ಬಿಟ್ಟು ಉಳಿದದ್ದೆಲ್ಲ ಅದರಲ್ಲಿ. ಸೀಲು ಹರಿದವರು ಮರುದಿನ ಒಂದು ಸಾಲು ಬರೆದರೆ ಸ್ಟಾಕ್ ಸರಿಹೋಗುವಂತೆ ಫಾರ್ಮಸಿಸ್ಟರೇ ಒಂದು ನಮೂನೆ ಮಾಡಿಕೊಟ್ಟರು. ಹೆರಿಗೆಗಳಿಗೆ ಗೆರೆಯಿರುವ ಚೀಲ ಹಾಸತೊಡಗಿದೆವು, ತಿಂಗಳಿಗೊಮ್ಮೆ ರಾತ್ರಿ ಪಾಳಿಯಲ್ಲಿ ತಾಲೀಮು ನಡೆಸಿದೆವು. ಫ್ರಿಜ್ಜಿಗೆ ಓಡುವುದು ಯಾರು, ಫೋನು ಹಿಡಿಯುವುದು ಯಾರು ಎಂಬುದು ಆಯಾಗೂ ಬಾಯಿಪಾಠವಾಯಿತು. ಅಲ್ಲಿಂದ ವರ್ಗವಾಗಿ ಬರುವ ಮುನ್ನ ರಿಜಿಸ್ಟರನ್ನು ಇನ್ನೊಮ್ಮೆ ತೆಗೆದು ನೋಡಿದೆ: 180, 340, 260, 210, 610. ಆ 610ರ ಪಕ್ಕದಲ್ಲಿ ಸಿಸ್ಟರ್ ಮೊದಲ ಔಷಧ ಕೊಟ್ಟ ಸಮಯವನ್ನೂ ಬರೆದಿದ್ದರು, ಗೆರೆ ದಾಟಿದ ನಾಲ್ಕನೇ ನಿಮಿಷ.